ಸಣ್ಣ ಏರ್ ಕಂಪ್ರೆಸರ್‌ಗೆ ಹೊಂದುವ ಸ್ಪ್ರೇ ಗನ್: ಆಯ್ಕೆ ಮತ್ತು ಹೊಂದಾಣಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದರಿಂದ ಎರಡು ಎಚ್‌ಪಿ ಮೋಟಾರು ಹಾಗೂ 24ರಿಂದ 50 ಲೀಟರ್ ಟ್ಯಾಂಕ್ ಇರುವ, ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿ ಓಡುವ ಪಿಸ್ಟನ್ ಕಂಪ್ರೆಸರ್ ಇಟ್ಟುಕೊಂಡು ಮರದ ಪೀಠೋಪಕರಣ, ಕಿಟಕಿಯ ಗ್ರಿಲ್, ಗೇಟು, ದ್ವಿಚಕ್ರ ವಾಹನದ ಬಿಡಿಭಾಗ, ಗಣೇಶನ ಮೂರ್ತಿ ಮುಂತಾದವುಗಳಿಗೆ ಬಣ್ಣ ಹೊಡೆಯುವವರಿಗಾಗಿ ಈ ಉತ್ತರಗಳನ್ನು ಬರೆಯಲಾಗಿದೆ. ಗನ್ನನ್ನು ಮೊದಲು ಮೆಚ್ಚಿ ಕೊಂಡು, ಆಮೇಲೆ ಕಂಪ್ರೆಸರನ್ನು ಅದಕ್ಕೆ ಒಗ್ಗಿಸಲು ಹೆಣಗುವವರೇ ಹೆಚ್ಚು. ಕೈಯಲ್ಲಿರುವ ಕಂಪ್ರೆಸರ್ ನಿಜಕ್ಕೂ ಎಷ್ಟು ಗಾಳಿ ಕೊಡಬಲ್ಲದು ಎಂಬುದನ್ನು ಮೊದಲು ಅಳೆದು, ಆ ಮಿತಿಯೊಳಗೆ ನಡೆಯುವ ಗನ್ನನ್ನು ಆರಿಸಿದರೆ ಮುಂದಿನ ಅರ್ಧದಷ್ಟು ತೊಂದರೆಗಳು ಹುಟ್ಟುವುದೇ ಇಲ್ಲ.

ನನ್ನ ಕಂಪ್ರೆಸರ್ 8 ಬಾರ್ ಒತ್ತಡ ಕೊಡುತ್ತದೆ, ಗನ್‌ಗೆ 3 ಬಾರ್ ಸಾಕು. ಆದರೂ ಬಣ್ಣ ಹೊಡೆಯುತ್ತಿದ್ದಂತೆ ಗಾಳಿ ಸೋತುಹೋಗುವುದೇಕೆ?

ಒತ್ತಡ ಬೇರೆ, ಗಾಳಿಯ ಪ್ರಮಾಣ ಬೇರೆ. ಗೇಜಿನಲ್ಲಿ ಕಾಣುವುದು ಒತ್ತಡ ಮಾತ್ರ. ಗನ್ ನಿಮಿಷಕ್ಕೆ ಎಷ್ಟು ಗಾಳಿ ಕುಡಿಯುತ್ತದೆ, ಕಂಪ್ರೆಸರ್ ನಿಮಿಷಕ್ಕೆ ಎಷ್ಟು ತುಂಬುತ್ತದೆ ಎಂಬುದನ್ನು ಗೇಜು ಹೇಳುವುದಿಲ್ಲ. ಮನೆಯ ಮೇಲಿನ ನೀರಿನ ಟ್ಯಾಂಕು ಎಷ್ಟೇ ಎತ್ತರದಲ್ಲಿದ್ದರೂ, ಪಂಪು ಏರಿಸುವುದಕ್ಕಿಂತ ಹೆಚ್ಚು ನೀರನ್ನು ನಲ್ಲಿಗಳಲ್ಲಿ ಬಿಟ್ಟರೆ ಅದು ಬರಿದಾಗುವಂತೆಯೇ ಇದು. ಗಾಳಿಯ ಪ್ರಮಾಣವನ್ನು ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಎಂದು, ಇಲ್ಲವೇ ನಿಮಿಷಕ್ಕೆ ಎಷ್ಟು ಲೀಟರ್ ಎಂದು ಹೇಳುತ್ತಾರೆ. ಒಂದು ಸಿಎಫ್‌ಎಂ ಎಂದರೆ ನಿಮಿಷಕ್ಕೆ ಸುಮಾರು 28 ಲೀಟರ್.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. 50 ಲೀಟರಿನ ಟ್ಯಾಂಕು 8 ಬಾರ್‌ನಿಂದ 3 ಬಾರ್‌ಗೆ ಇಳಿಯುವಷ್ಟರಲ್ಲಿ ಹೊರಬರುವ ಗಾಳಿ 50ನ್ನು 5ರಿಂದ ಗುಣಿಸಿದಷ್ಟು, ಅಂದರೆ 250 ಲೀಟರ್. ಗನ್ ನಿಮಿಷಕ್ಕೆ 8 ಸಿಎಫ್‌ಎಂ, ಅಂದರೆ ಸುಮಾರು 226 ಲೀಟರ್ ಬಳಸುತ್ತಿದ್ದು, ಕಂಪ್ರೆಸರ್ ಓಡುತ್ತಲೇ 4.5 ಸಿಎಫ್‌ಎಂ, ಅಂದರೆ ಸುಮಾರು 127 ಲೀಟರ್ ತುಂಬುತ್ತಿದ್ದರೆ, ಪ್ರತಿ ನಿಮಿಷವೂ ಸುಮಾರು 100 ಲೀಟರ್ ಕೊರತೆ ಬೀಳುತ್ತದೆ. ಎರಡೂವರೆ ನಿಮಿಷದಲ್ಲಿ ಸಂಗ್ರಹ ಮುಗಿಯುತ್ತದೆ. ಅದೇ ಗನ್ನನ್ನು 25 ಲೀಟರಿನ ಟ್ಯಾಂಕಿಗೆ ಕಟ್ಟಿದರೆ ಒಂದೂಕಾಲು ನಿಮಿಷವೂ ಕಷ್ಟವೇ, ಏಕೆಂದರೆ ಮೋಟಾರು ಎಚ್ಚರಗೊಳ್ಳುವುದು ಟ್ಯಾಂಕಿನ ಒತ್ತಡ ಒಂದಿಷ್ಟು ಇಳಿದ ಮೇಲೆಯೇ.

ಪೆಟ್ಟಿಗೆಯ ಮೇಲೆ ಬರೆದಿರುವ ಸಿಎಫ್‌ಎಂ ಅಂಕಿಯನ್ನು ನಂಬಬಹುದೇ?

ಅದು ಯಾವ ಅಂಕಿ ಎಂಬುದನ್ನು ಮೊದಲು ನೋಡಬೇಕು. ಪಿಸ್ಟನ್ನಿನ ಅಳತೆ ಮತ್ತು ವೇಗದಿಂದ ಲೆಕ್ಕ ಹಾಕಿದ ಸ್ಥಳಾಂತರದ ಅಂಕಿಯನ್ನೇ ಬಹಳಷ್ಟು ತಯಾರಕರು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ. ನಮಗೆ ಬೇಕಿರುವುದು ಎಫ್‌ಎಡಿ ಎಂದು ನಮೂದಿಸುವ, ನಿಜವಾಗಿ ಹೊರಬರುವ ಗಾಳಿಯ ಅಂಕಿ. ಸಣ್ಣ ಯಂತ್ರಗಳಲ್ಲಿ ಇದು ಸ್ಥಳಾಂತರದ ಅಂಕಿಯ ಮೂರನೇ ಎರಡು ಭಾಗದ ಆಸುಪಾಸಿನಲ್ಲಿರುತ್ತದೆ, ಹಳೆಯ ಯಂತ್ರವಾದರೆ ಇನ್ನೂ ಕಡಿಮೆ.

ನೀವೇ ಅಳೆದುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು, ಅದಕ್ಕೆ ಒಂದು ಗಡಿಯಾರ ಸಾಕು. ಹೊರಹೋಗುವ ಕವಾಟವನ್ನು ಮುಚ್ಚಿ, ಖಾಲಿ ಟ್ಯಾಂಕಿನಿಂದ ಕಂಪ್ರೆಸರ್ ಶುರುಮಾಡಿ, ಗೇಜು 4 ಬಾರ್‌ನಿಂದ 6 ಬಾರ್‌ಗೆ ಏರಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ನೋಡಿ. 50 ಲೀಟರ್ ಟ್ಯಾಂಕಿನಲ್ಲಿ ಎರಡು ಬಾರ್ ಏರಿದರೆ 100 ಲೀಟರ್ ಗಾಳಿ ಒಳಗೆ ಹೋಗಿದೆ ಎಂದರ್ಥ. ಅದಕ್ಕೆ 50 ಸೆಕೆಂಡು ಹಿಡಿದಿದ್ದರೆ ನಿಮ್ಮ ಯಂತ್ರ ನಿಮಿಷಕ್ಕೆ 120 ಲೀಟರ್, ಅಂದರೆ 4.2 ಸಿಎಫ್‌ಎಂ ಕೊಡುತ್ತಿದೆ. ನಮ್ಮ ವರ್ಕ್‌ಶಾಪುಗಳಲ್ಲಿ ‘ಮೂರು ಕೆ.ಜಿ. ಗಾಳಿ’ ಎನ್ನುವಾಗ ಹೇಳುವುದು ಚದರ ಸೆಂಟಿಮೀಟರಿಗೆ ಮೂರು ಕೆ.ಜಿ. ಎಂಬ ಅಳತೆಯನ್ನು. ಅದು ಬಾರ್‌ಗೆ ಹತ್ತಿರವೇ ಇರುವುದರಿಂದ ಈ ಲೆಕ್ಕದಲ್ಲಿ ಎರಡನ್ನೂ ಒಂದೇ ಎಂದು ಹಿಡಿಯಬಹುದು. ಪಿಎಸ್‌ಐ ಗೇಜಾದರೆ 14.5 ಪಿಎಸ್‌ಐ ಒಂದು ಬಾರ್‌ಗೆ ಸಮ.

ಹಳೆಯ ಮಾದರಿ, ಎಚ್‌ವಿಎಲ್‌ಪಿ, ಎಲ್‌ವಿಎಲ್‌ಪಿ: ಇವುಗಳಲ್ಲಿ ಸಣ್ಣ ಕಂಪ್ರೆಸರ್‌ಗೆ ಯಾವುದು?

ಹಳೆಯ ಸಾಂಪ್ರದಾಯಿಕ ಗನ್ 3ರಿಂದ 4 ಬಾರ್ ಒತ್ತಡದಲ್ಲಿ ಬಣ್ಣವನ್ನು ಚೆನ್ನಾಗಿಯೇ ಒಡೆದು ಹನಿಯಾಗಿಸುತ್ತದೆ, ಆದರೆ ಆ ಹನಿಗಳಲ್ಲಿ ಹೆಚ್ಚಿನವು ವಸ್ತುವಿಗೆ ಬಡಿದು ಹಾರಿಹೋಗುತ್ತವೆ. ಬಣ್ಣಕ್ಕೆ ಕೊಟ್ಟ ದುಡ್ಡಿನ ಅರ್ಧಕ್ಕಿಂತ ಹೆಚ್ಚು ಗಾಳಿಪಾಲು. ಈ ನಷ್ಟವನ್ನು ತಗ್ಗಿಸಲು ಬಂದದ್ದು ಎಚ್‌ವಿಎಲ್‌ಪಿ, ಅಂದರೆ ಹೆಚ್ಚು ಗಾಳಿ, ಕಡಿಮೆ ಒತ್ತಡ ಎಂಬ ವಿಧಾನ. ಏರ್ ಕ್ಯಾಪಿನಲ್ಲಿ, ಅಂದರೆ ಗನ್ನಿನ ಮೂತಿಯಲ್ಲಿ ಗಾಳಿ ಹೊರಬರುವ ಮುಚ್ಚಳದಲ್ಲಿ, ಒತ್ತಡ 10 ಪಿಎಸ್‌ಐ ಮೀರಬಾರದು ಎಂಬುದು ಅದರ ಲಕ್ಷಣ. ಕನಿಷ್ಠ 65 ಶೇಕಡಾ ಬಣ್ಣ ವಸ್ತುವಿನ ಮೇಲೆಯೇ ಕೂರಬೇಕು ಎಂಬುದು ಅದಕ್ಕೆ ಹೇಳುವ ಅಳತೆಗೋಲು. ಒತ್ತಡ ಕಡಿಮೆ ಎಂದು ಓದಿದೊಡನೆ ಸಣ್ಣ ಕಂಪ್ರೆಸರ್ ಇರುವವರು ತಮಗೆ ಇದೇ ಸರಿ ಎಂದು ತಿಳಿಯುತ್ತಾರೆ. ವಾಸ್ತವ ಇದಕ್ಕೆ ವಿರುದ್ಧ: ಪೂರ್ಣ ಗಾತ್ರದ ಎಚ್‌ವಿಎಲ್‌ಪಿ ಗನ್ನಿಗೆ ಸಾಮಾನ್ಯವಾಗಿ 8ರಿಂದ 14 ಸಿಎಫ್‌ಎಂ ಬೇಕು, ಅದನ್ನು ಎರಡು ಎಚ್‌ಪಿಯ ಯಂತ್ರ ನಿರಂತರವಾಗಿ ಕೊಡಲಾರದು.

ಎಲ್‌ವಿಎಲ್‌ಪಿ ಗನ್‌ಗಳಲ್ಲಿ ಗಾಳಿಯ ಪ್ರಮಾಣವೂ ಕಡಿಮೆ, ಒತ್ತಡವೂ ಕಡಿಮೆ. 3ರಿಂದ 6 ಸಿಎಫ್‌ಎಂ ಒಳಗೆ, 1.5ರಿಂದ 2 ಬಾರ್‌ನಲ್ಲಿ ನಡೆಯುವ ಗನ್‌ಗಳು ಈ ಗುಂಪಿನಲ್ಲಿ ಸಿಗುತ್ತವೆ. ಬಣ್ಣ ಉಳಿತಾಯವಾಗುತ್ತದೆ, ಆದರೆ ಕೆಲಸ ನಿಧಾನ, ಬಣ್ಣವನ್ನು ತುಸು ತೆಳುವಾಗಿ ಕಲಸಬೇಕಾಗುತ್ತದೆ. ಎರಡು ಎಚ್‌ಪಿ, 50 ಲೀಟರಿನ ಕಂಪ್ರೆಸರ್ ಇದ್ದು ಒಂದೇ ಗನ್ ಕೊಳ್ಳುವವರು 1.3 ಅಥವಾ 1.4 ಮಿ.ಮೀ. ನಾಝಲ್ಲಿನ ಎಲ್‌ವಿಎಲ್‌ಪಿ ಗನ್ ಕೊಳ್ಳುವುದು ನನ್ನ ಅಭಿಪ್ರಾಯದಲ್ಲಿ ಸರಿಯಾದ ನಿರ್ಧಾರ. ಒಂದು ಎಚ್‌ಪಿ, 24 ಲೀಟರಿನವರು 0.8ರಿಂದ 1.0 ಮಿ.ಮೀ. ನಾಝಲ್ಲಿನ, 125 ಅಥವಾ 250 ಮಿ.ಲೀ. ಕಪ್ಪಿನ ಮಿನಿ ಗನ್ ಕೊಳ್ಳಲಿ. ಟಚ್‌ಅಪ್ ಗನ್ ಎಂದೂ ಕರೆಯುವ ಇದು ಬೈಕಿನ ಟ್ಯಾಂಕು, ಹೆಲ್ಮೆಟ್ಟು, ಸಣ್ಣ ಸ್ಟೂಲು, ಮೂರ್ತಿ ಇವುಗಳಿಗೆ ಧಾರಾಳ ಸಾಕು. ಮೂರ್ತಿಯ ಕಣ್ಣು, ಒಡವೆ, ಅಂಚುಗಳಿಗೆ ಬೇಕಾದ ಏರ್‌ಬ್ರಷ್ ಒಂದು ಸಿಎಫ್‌ಎಂ ಗಾಳಿಯನ್ನೂ ಕೇಳುವುದಿಲ್ಲ.

ಅಂಗಡಿಯಲ್ಲಿ ಎಲ್ಲ ಗನ್ನಿಗೂ ಎಚ್‌ವಿಎಲ್‌ಪಿ ಎಂಬ ಚೀಟಿ ಅಂಟಿಸಿರುವುದು ಈಗ ಮಾಮೂಲು. ಆ ಚೀಟಿಯನ್ನು ಬದಿಗಿಟ್ಟು, ಗನ್ನಿನ ಜೊತೆ ಬರುವ ಕಾಗದದಲ್ಲಿ ಗಾಳಿಯ ಬಳಕೆ ಎಂಬ ಸಾಲನ್ನು ಓದಿ. ಆ ಅಂಕಿ ನೀವು ಅಳೆದ ಅಂಕಿಯ ಮುಕ್ಕಾಲು ಭಾಗದೊಳಗೆ ಇದ್ದರೆ ನಿಶ್ಚಿಂತೆ. ಸಮನಾಗಿದ್ದರೆ ಮೋಟಾರಿಗೆ ಬಿಡುವೇ ಇರುವುದಿಲ್ಲ. ಆ ಸಾಲೇ ಇಲ್ಲದ ಗನ್ನನ್ನು ಕೊಳ್ಳದಿರುವುದು ಲೇಸು.

ಕಪ್ಪು ಮೇಲಿರಬೇಕೇ, ಕೆಳಗಿರಬೇಕೇ?

ಮೇಲೆ. ಕೆಳಗಿನ ಕಪ್ಪಿನಿಂದ ಬಣ್ಣವನ್ನು ಎಳೆದುಕೊಳ್ಳಲು ಗಾಳಿಯ ಶಕ್ತಿಯ ಒಂದು ಪಾಲು ಖರ್ಚಾಗುತ್ತದೆ, ತಳದಲ್ಲಿ ಬಣ್ಣವೂ ಉಳಿಯುತ್ತದೆ. ಒಂದು ಲೀಟರಿನ ಕೆಳಗಪ್ಪಿನ ಗನ್ ಗೇಟು, ಗ್ರಿಲ್ ಮಾಡುವ ಅಂಗಡಿಗಳಲ್ಲಿ ಇನ್ನೂ ಓಡಾಡುತ್ತಿರುವುದಕ್ಕೆ ಅಲ್ಲಿನ ಮೂರು ಎಚ್‌ಪಿ, ಐದು ಎಚ್‌ಪಿ ಕಂಪ್ರೆಸರ್‌ಗಳೇ ಕಾರಣ.

ಯಾವ ಬಣ್ಣಕ್ಕೆ ಎಷ್ಟು ಮಿ.ಮೀ. ನಾಝಲ್?

ತೆಳುವಾದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್, ಮರದ ಬಣ್ಣದ ಸ್ಟೇನ್ ಇವುಗಳಿಗೆ 1.2 ಅಥವಾ 1.3; ವಾಹನದ ಬೇಸ್ ಕೋಟ್, ಕ್ಲಿಯರ್, ಮೆಲಮೈನ್, ಪಿಯು (ಪಾಲಿಯುರೆಥೇನ್) ಪಾಲಿಶ್‌ಗಳಿಗೆ 1.3ರಿಂದ 1.4, ಸಿಂಥೆಟಿಕ್ ಎನಾಮೆಲ್‌ಗೆ 1.4ರಿಂದ 1.6, ಪ್ರೈಮರ್ ಸರ್ಫೇಸರ್‌ಗೆ 1.6ರಿಂದ 1.8, ಸ್ಪ್ರೇ ಪುಟ್ಟಿಗೆ 2.0 ಅಥವಾ ಅದಕ್ಕಿಂತ ದೊಡ್ಡದು. ನಾಝಲ್ ದೊಡ್ಡದಾದಷ್ಟೂ ಹೆಚ್ಚು ಬಣ್ಣ ಬರುತ್ತದೆ, ಅದನ್ನು ಒಡೆಯಲು ಹೆಚ್ಚು ಗಾಳಿ ಬೇಕಾಗುತ್ತದೆ. ಹಾಗಾಗಿ ಸಣ್ಣ ಕಂಪ್ರೆಸರ್ ಉಳ್ಳವರು ಪ್ರತಿ ಬಣ್ಣಕ್ಕೂ ಹೇಳಿರುವ ಅಳತೆಗಳಲ್ಲಿ ಚಿಕ್ಕದನ್ನೇ ಹಿಡಿದು, ತಿನ್ನರ್ ಸ್ವಲ್ಪ ಹೆಚ್ಚಿಸಿ, ಒಂದು ಕೋಟು ಹೆಚ್ಚು ಹೊಡೆಯುವುದು ಕ್ಷೇಮ. ಸ್ಪ್ರೇ ಪುಟ್ಟಿಯನ್ನು ಈ ಯಂತ್ರಗಳಲ್ಲಿ ಹೊಡೆಯುವ ಬದಲು ಪಟ್ಟಿಯಿಂದ ಎಳೆದು ಉಜ್ಜುವುದೇ ಬೇಗ ಮುಗಿಯುವ ಕೆಲಸ. ನಾಝಲ್, ಸೂಜಿ, ಏರ್ ಕ್ಯಾಪ್ ಮೂರೂ ಒಂದೇ ಸೆಟ್ಟಾಗಿ ಬರುತ್ತವೆ. ನಾಝಲ್ ಒಂದನ್ನೇ ಬದಲಾಯಿಸಿದರೆ ಸೂಜಿ ಸರಿಯಾಗಿ ಕೂರದೆ ಬಣ್ಣ ತೊಟ್ಟಿಕ್ಕುತ್ತದೆ.

ಗೋಡೆಗೆ ಎಮಲ್ಷನ್ ಹೊಡೆಯಬಹುದೇ?

ಹೊಡೆಯಲಾಗದು ಎಂದೇನಿಲ್ಲ, ಆದರೆ ಈ ಗನ್ನಿನಿಂದ ಹೊರಬರುವಷ್ಟು ನೀರು ಬೆರೆಸಿದ ಎಮಲ್ಷನ್ ಗೋಡೆಯನ್ನು ಮುಚ್ಚುವುದಿಲ್ಲ. ರೋಲರ್ ಬಳಸಿ.

ಪೈಪು ಮತ್ತು ಕಪ್ಲರ್ ಬಗ್ಗೆ ಅಷ್ಟು ಯೋಚಿಸಬೇಕೇ?

ಗನ್ನಿನಷ್ಟೇ ಯೋಚಿಸಬೇಕು. ಕಂಪ್ರೆಸರ್ ಜೊತೆ ಉಚಿತವಾಗಿ ಬರುವ, ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ಪಿಯು ಪೈಪಿನ ಮೇಲೆ 8×5 ಎಂದು ಬರೆದಿದ್ದರೆ, 8 ಎಂಬುದು ಹೊರವ್ಯಾಸ, ಗಾಳಿ ಹೋಗುವ ದಾರಿ 5 ಮಿ.ಮೀ. ಮಾತ್ರ. ಅದು ಟೈರಿಗೆ ಗಾಳಿ ತುಂಬಲು, ಧೂಳು ಊದಲು ಸರಿ. ಸ್ಪ್ರೇ ಕೆಲಸದಲ್ಲಿ ಕಂಪ್ರೆಸರ್ ಬಳಿ 3 ಬಾರ್ ಇದ್ದ ಒತ್ತಡ ಗನ್ನಿನ ಬಳಿ ಬರುವಷ್ಟರಲ್ಲಿ ಗಣನೀಯವಾಗಿ ಕುಸಿದಿರುತ್ತದೆ. ಒಳವ್ಯಾಸ 8 ಮಿ.ಮೀ. ಇರುವ ರಬ್ಬರ್ ಪೈಪನ್ನು 10 ಮೀಟರ್ ಒಳಗೆ ಬಳಸಿ. ಅಗ್ಗದ ಕ್ವಿಕ್ ಕಪ್ಲರ್‌ಗಳ ಒಳದಾರಿ ಪೈಪಿಗಿಂತಲೂ ಕಿರಿದಾಗಿರುವುದರಿಂದ ಅವುಗಳ ಸಂಖ್ಯೆಯನ್ನು ಆದಷ್ಟು ಕಡಿಮೆ ಮಾಡಿ.

ಒತ್ತಡವನ್ನು ಎಷ್ಟಕ್ಕೆ ಇಡಬೇಕು, ಎಲ್ಲಿ ನೋಡಿ ಇಡಬೇಕು?

ಗನ್ನಿನ ಹಿಡಿಯ ಕೆಳಗೆ ಒಂದು ಪುಟ್ಟ ಗೇಜು ಸಹಿತದ ರೆಗ್ಯುಲೇಟರ್ ಹಾಕಿ, ಟ್ರಿಗರ್ ಒತ್ತಿ ಗಾಳಿ ಹರಿಯುತ್ತಿರುವಾಗಲೇ ಅದನ್ನು ಓದಬೇಕು. ಟ್ರಿಗರ್ ಬಿಟ್ಟಾಗ 3 ಬಾರ್ ತೋರುವ ಗೇಜು, ಒತ್ತಿದಾಗ 2ಕ್ಕೆ ಇಳಿಯುವುದು ಸಾಮಾನ್ಯ. ಬಣ್ಣಕ್ಕೆ ಸಿಗುವುದು ಆ ಎರಡನೆಯ ಅಂಕಿ. ಎಲ್‌ವಿಎಲ್‌ಪಿಗೆ 1.5ರಿಂದ 2 ಬಾರ್, ಎಚ್‌ವಿಎಲ್‌ಪಿಗೆ ಸುಮಾರು 2, ಮೇಲ್ಗಪ್ಪಿನ ಸಾಂಪ್ರದಾಯಿಕ ಗನ್ನಿಗೆ 2.5ರಿಂದ 3.5 ಎಂದು ಶುರುಮಾಡಬಹುದು. ತಯಾರಕರು ಹೇಳಿರುವ ಮಿತಿ ಇದ್ದರೆ ಅದೇ ಅಂತಿಮ.

ಬಣ್ಣವನ್ನು ಎಷ್ಟು ತೆಳುವಾಗಿ ಕಲಸಬೇಕು?

ಕಡ್ಡಿಯಿಂದ ತೊಟ್ಟಿಕ್ಕುವುದನ್ನು ನೋಡಿ ಅಂದಾಜಿಸುವ ಪದ್ಧತಿಯನ್ನು ನಮ್ಮ ಪೇಂಟರ್‌ಗಳು ಚೆನ್ನಾಗಿ ಬಲ್ಲರು, ಆದರೆ ಕಲಿಯುವವರಿಗೆ ಅದು ಕೈಕೊಡುತ್ತದೆ. ಬಣ್ಣದ ಕಂಪನಿಗಳ ತಾಂತ್ರಿಕ ಪತ್ರಗಳಲ್ಲಿ ಬಿ4 ಕಪ್ಪಿನಲ್ಲಿ, 30 ಡಿಗ್ರಿ ಉಷ್ಣತೆಯಲ್ಲಿ, ಇಷ್ಟು ಸೆಕೆಂಡು ಎಂಬ ಉಲ್ಲೇಖ ಇರುತ್ತದೆ. ತಳದಲ್ಲಿ ರಂಧ್ರವಿರುವ ಆ ಕಪ್ಪಿನ ತುಂಬ ಬಣ್ಣ ತುಂಬಿ, ಧಾರೆ ಕಡಿಯುವವರೆಗಿನ ಸಮಯವನ್ನು ಎಣಿಸಬೇಕು. ಸ್ಪ್ರೇಗೆ ಸಾಮಾನ್ಯವಾಗಿ 18ರಿಂದ 25 ಸೆಕೆಂಡು ಬೇಕಾಗುತ್ತದೆ. ಎಲ್‌ವಿಎಲ್‌ಪಿ ಮತ್ತು ಮಿನಿ ಗನ್‌ಗಳಿಗೆ ಇದರ ಕೆಳತುದಿ ಹೊಂದುತ್ತದೆ. ಕಲಸಿದ ಬಣ್ಣವನ್ನು ಜಾಲರಿಯಲ್ಲಿ ಸೋಸದೆ ಕಪ್ಪಿಗೆ ಹಾಕಲೇಬಾರದು. ಕಪ್ಪಿನ ಅಡಿಯಲ್ಲಿ ಪ್ಲಾಸ್ಟಿಕ್ ಜಾಲರಿ ಇದೆ ಎಂಬ ಧೈರ್ಯ ಸಾಲದು.

ತಿನ್ನರಿನ ಪ್ರಮಾಣದಷ್ಟೇ ಅದರ ಜಾತಿಯೂ ಮುಖ್ಯ. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿಯ ಒಣ ಬಿಸಿಲಿನಲ್ಲಿ ಬೇಗ ಆರುವ ತಿನ್ನರ್ ಬಳಸಿದರೆ ಹನಿಗಳು ವಸ್ತುವನ್ನು ಮುಟ್ಟುವ ಮೊದಲೇ ಅರ್ಧ ಒಣಗಿ, ಮೇಲ್ಮೈ ಕೈಗೆ ಒರಟಾಗುತ್ತದೆ. ಅಲ್ಲಿ ನಿಧಾನ ತಿನ್ನರ್ ಬೇಕು, ಇಲ್ಲವೇ ಬೆಳಗಿನ ಏಳರಿಂದ ಹತ್ತರೊಳಗೆ ಕೆಲಸ ಮುಗಿಸಬೇಕು.

ಗನ್ನಿನ ಮೂರು ತಿರುಪುಗಳನ್ನು ಯಾವ ಕ್ರಮದಲ್ಲಿ ಹೊಂದಿಸಬೇಕು?

ಮೊದಲು ಗಾಳಿ, ಆಮೇಲೆ ಬೀಸಣಿಗೆಯ (ಬೀಸಣಿಗೆಯಂತೆ ಹರಡುವ ಬಣ್ಣದ ಧಾರೆಯ) ಅಗಲ, ಕೊನೆಗೆ ಬಣ್ಣ. ಹಿಡಿಯ ಕೆಳಗಿನ ಗಾಳಿಯ ತಿರುಪನ್ನು ಪೂರ್ತಿ ತೆರೆದಿಟ್ಟು ಒತ್ತಡವನ್ನು ರೆಗ್ಯುಲೇಟರ್‌ನಲ್ಲೇ ನಿಗದಿಪಡಿಸಿ. ಬೀಸಣಿಗೆಯ ತಿರುಪನ್ನು ಪೂರ್ತಿ ತೆರೆಯಿರಿ. ಹಿಂಬದಿಯಲ್ಲಿರುವ ಬಣ್ಣದ ತಿರುಪನ್ನು ಪೂರ್ತಿ ಮುಚ್ಚಿ, ಟ್ರಿಗರ್ ಒತ್ತಿಹಿಡಿದು ಒಂದೂವರೆ ಸುತ್ತಿನಷ್ಟು ಬಿಚ್ಚಿ. ಹಳೆಯ ದಿನಪತ್ರಿಕೆಯನ್ನು ಗೋಡೆಗೆ ಅಂಟಿಸಿ, 15ರಿಂದ 20 ಸೆಂ.ಮೀ. ದೂರದಿಂದ ಕೈ ಆಡಿಸದೆ ಒಂದು ಕ್ಷಣ ಮಾತ್ರ ಹೊಡೆಯಿರಿ. ಅಂಚಿನಲ್ಲಿ ಬಿದ್ದ ಹನಿಗಳು ದಪ್ಪವಾಗಿದ್ದರೆ ಒತ್ತಡವನ್ನು 0.2 ಬಾರ್‌ನಂತೆ ಏರಿಸುತ್ತಾ, ಹನಿಗಳು ಒಂದೇ ಸಮ ಸಣ್ಣದಾದ ಕೂಡಲೇ ನಿಲ್ಲಿಸಿ. ಅದಕ್ಕಿಂತ ಮೇಲೇರಿಸಿದರೆ ಹೆಚ್ಚುವುದು ಮಂಜು ಮಾತ್ರ.

ಗಾಳಿ ಸಾಲದ ಯಂತ್ರದಲ್ಲಿ ಮುಖ್ಯವಾದ ಹಿಡಿತವೆಂದರೆ ಈ ಬೀಸಣಿಗೆಯ ತಿರುಪು. ಏರ್ ಕ್ಯಾಪಿನ ಎರಡು ಕೊಂಬುಗಳಿಂದ ಬರುವ ಗಾಳಿಯೇ ದುಂಡಗಿನ ಧಾರೆಯನ್ನು ಒತ್ತಿ ಅಗಲ ಮಾಡುವುದರಿಂದ, ತಿರುಪನ್ನು ಮುಚ್ಚುತ್ತಾ ಬಂದಂತೆ ಗಾಳಿಯ ಖರ್ಚೂ ಇಳಿಯುತ್ತದೆ. 25 ಸೆಂ.ಮೀ. ಅಗಲ ಕೊಡುವ ಗನ್ನನ್ನು 15 ಸೆಂ.ಮೀ.ಗೆ ಇಳಿಸಿ, ಅದೇ ಪ್ರಮಾಣದಲ್ಲಿ ಬಣ್ಣವನ್ನೂ ತಗ್ಗಿಸಿದರೆ ಒಂದು ಎಚ್‌ಪಿಯ ಯಂತ್ರದಲ್ಲೂ ಕುರ್ಚಿ, ಸ್ಟೂಲುಗಳನ್ನು ನೆಮ್ಮದಿಯಿಂದ ಮುಗಿಸಬಹುದು. ಬಣ್ಣ ತಗ್ಗಿಸಲು ಮರೆತರೆ ಅದು ಇಳಿದು ಸೋರುವುದು ಖಂಡಿತ.

ಪ್ರತಿ ಎಳೆತವೂ ಹಿಂದಿನದರ ಅರ್ಧದ ಮೇಲೆ ಬೀಳಬೇಕು. ಅಂಚಿನ ಹೊರಗೆ ಟ್ರಿಗರ್ ಒತ್ತಿ, ಮತ್ತೊಂದು ಅಂಚು ದಾಟಿದ ಮೇಲೆ ಬಿಡಬೇಕು. ಮಣಿಕಟ್ಟನ್ನು ತಿರುಗಿಸದೆ ಇಡೀ ತೋಳನ್ನು ಸಮಾನಾಂತರವಾಗಿ ಸಾಗಿಸಬೇಕು. ದೊಡ್ಡ ಬಾಗಿಲಿಗೆ ಹೊಡೆಯುವಾಗ ನಡುವೆ ಗಾಳಿ ಇಳಿದರೆ ಆ ಎಳೆತವನ್ನು ಅಂಚಿನವರೆಗೆ ಮುಗಿಸಿಯೇ ನಿಲ್ಲಿ.

ಬೀಸಣಿಗೆಯ ಆಕಾರ ಕೆಟ್ಟರೆ ಕಾರಣ ಹುಡುಕುವುದು ಹೇಗೆ?

ಮಧ್ಯದಲ್ಲಿ ದಟ್ಟವಾಗಿ ತುದಿಗಳಲ್ಲಿ ತೆಳುವಾಗಿದ್ದರೆ ಬಣ್ಣ ಹೆಚ್ಚು, ಬಣ್ಣ ದಪ್ಪ ಅಥವಾ ಒತ್ತಡ ಕಡಿಮೆ. ತುದಿಗಳಲ್ಲಿ ದಟ್ಟವಾಗಿ ನಡುವೆ ಖಾಲಿಯಾಗಿ ಎಂಟರ ಅಂಕಿಯಂತೆ ಕಂಡರೆ ಒತ್ತಡ ಹೆಚ್ಚು ಅಥವಾ ಬಣ್ಣ ಕಡಿಮೆ. ಒಂದು ಬದಿಗೆ ಬಾಗಿ ಬಾಳೆಹಣ್ಣಿನಾಕಾರವಾದರೆ ಯಾವುದೋ ರಂಧ್ರ ಕಟ್ಟಿಕೊಂಡಿದೆ. ಆಗ ಏರ್ ಕ್ಯಾಪನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಡೆದು ನೋಡಿ. ಬಾಗು ಎದುರು ಬದಿಗೆ ಹೋದರೆ ಕೊಳೆ ಏರ್ ಕ್ಯಾಪಿನಲ್ಲಿದೆ, ಹೋಗದೆ ಅಲ್ಲೇ ಉಳಿದರೆ ನಾಝಲ್ಲಿನಲ್ಲಿದೆ.

ಗನ್ ಕೆಮ್ಮುತ್ತಾ, ಬಿಟ್ಟುಬಿಟ್ಟು ಉಗುಳುತ್ತದೆ. ಕಂಪ್ರೆಸರ್ ದೋಷವೇ?

ಬಹುತೇಕ ಅಲ್ಲ. ಬಣ್ಣದ ದಾರಿಯೊಳಗೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ, ಇಲ್ಲವೇ ಬಣ್ಣ ಸರಾಗವಾಗಿ ಇಳಿಯುತ್ತಿಲ್ಲ. ಕಪ್ಪಿನ ಮುಚ್ಚಳದ ಸಣ್ಣ ರಂಧ್ರ ಒಣಗಿದ ಬಣ್ಣದಿಂದ ಮುಚ್ಚಿದೆಯೇ, ಕಪ್ಪಿನಲ್ಲಿ ಬಣ್ಣ ತಳ ಮುಟ್ಟಿದೆಯೇ, ನಾಝಲ್ ಸಡಿಲವಾಗಿದೆಯೇ, ಸೂಜಿಯ ಸುತ್ತಲಿನ ಗ್ಲ್ಯಾಂಡ್ ಪ್ಯಾಕಿಂಗ್ ಒಣಗಿದೆಯೇ ಎಂದು ಈ ಕ್ರಮದಲ್ಲೇ ನೋಡಿ. ಮುಚ್ಚಳದ ರಂಧ್ರವನ್ನು ಯಾರೂ ನೋಡುವುದೇ ಇಲ್ಲ.

ಮಳೆಗಾಲದಲ್ಲಿ ಪಾಲಿಶ್ ಬೆಳ್ಳಗಾಗುವುದು, ಬಣ್ಣದಲ್ಲಿ ನೀರಿನ ಹನಿ ಬೀಳುವುದು ಏಕೆ?

ಇವೆರಡೂ ಬೇರೆ ಬೇರೆ ತೊಂದರೆಗಳು, ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಎನ್‌ಸಿ ಲ್ಯಾಕರಿನ ತಿನ್ನರ್ ವೇಗವಾಗಿ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಸುತ್ತಲಿನ ತೇವಾಂಶ ಅದರ ಮೇಲೆ ಸಾಂದ್ರವಾಗಿ ಪದರ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು, ಉಡುಪಿ, ಕಾರವಾರದ ಬಡಗಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಂಥ ನೀರಿನ ಫಿಲ್ಟರ್ ಹಾಕಿದರೂ ಇದು ನಿಲ್ಲದು, ಏಕೆಂದರೆ ತೇವ ಇರುವುದು ಕೋಣೆಯ ಗಾಳಿಯಲ್ಲಿ. ನಿಧಾನವಾಗಿ ಆರುವ ರಿಟಾರ್ಡರ್ ತಿನ್ನರನ್ನು ತಯಾರಕರು ಹೇಳಿದಷ್ಟು ಬೆರೆಸುವುದು, ತೆಳು ಕೋಟುಗಳನ್ನು ಹೊಡೆಯುವುದು, ಧೋ ಎಂದು ಸುರಿಯುವ ದಿನ ಕೆಲಸ ಮುಂದೂಡುವುದು, ಇವೇ ಉಪಾಯಗಳು. ಬಿಳಿಚಿದ ಪದರದ ಮೇಲೆ ರಿಟಾರ್ಡರ್ ತಿನ್ನರನ್ನಷ್ಟೇ ಮಂಜಿನಂತೆ ಹೊಡೆದರೆ ಅನೇಕ ವೇಳೆ ತಿಳಿಯಾಗುತ್ತದೆ.

ಹನಿಯಾಗಿ ಬೀಳುವ ನೀರು ಟ್ಯಾಂಕಿನದು. ಒತ್ತಿದ ಬಿಸಿ ಗಾಳಿ ತಣಿದಾಗ ಅದರೊಳಗಿನ ಆವಿ ನೀರಾಗುತ್ತದೆ. ಆದ್ದರಿಂದ ಫಿಲ್ಟರನ್ನು ಕಂಪ್ರೆಸರ್‌ಗೆ ಅಂಟಿಸಿ ಹಾಕಿದರೆ ಬಿಸಿ ಗಾಳಿಯಲ್ಲಿನ ಆವಿ ಅದನ್ನು ದಾಟಿ ಮುಂದೆ ಪೈಪಿನಲ್ಲಿ ನೀರಾಗುತ್ತದೆ. ಐದಾರು ಮೀಟರ್ ಪೈಪು ದಾಟಿದ ಮೇಲೆ ಫಿಲ್ಟರ್ ಹಾಕಿ, ಪ್ರತಿದಿನ ಟ್ಯಾಂಕಿನ ತಳದ ತಿರುಪು ಬಿಚ್ಚಿ ನೀರು ಇಳಿಸಿ. ಇಳಿಸದಿದ್ದರೆ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿದು ತೆಳುವಾಗುತ್ತದೆ, ಅದು ಒಡೆಯುವ ಅಪಾಯ ಸಣ್ಣದಲ್ಲ. ಫಿಲ್ಟರ್ ಸೆಟ್ಟಿನಲ್ಲಿ ಎಣ್ಣೆ ತೊಟ್ಟಿಕ್ಕಿಸುವ ಲೂಬ್ರಿಕೇಟರ್ ಇದ್ದರೆ ಸ್ಪ್ರೇ ಲೈನಿನಿಂದ ಅದನ್ನು ತೆಗೆದುಬಿಡಿ. ಬಣ್ಣದಲ್ಲಿ ಮೀನಿನ ಕಣ್ಣಿನಂಥ ಗುಳಿಗಳು ಏಳಲು ಒಂದೆರಡು ಹನಿ ಎಣ್ಣೆ ಸಾಕು.

ಕಿತ್ತಳೆ ಸಿಪ್ಪೆಯಂತಹ ಮೇಲ್ಮೈ ಬಂದರೆ ಏನು ಬದಲಾಯಿಸಬೇಕು?

ಬಣ್ಣ ದಪ್ಪವಾಗಿರಬಹುದು, ಒತ್ತಡ ಕಡಿಮೆ ಇರಬಹುದು, ತಿನ್ನರ್ ಬೇಗ ಆರಿರಬಹುದು, ಗನ್ ದೂರ ಇದ್ದಿರಬಹುದು. ಒಂದು ಬಾರಿಗೆ ಒಂದನ್ನೇ ಬದಲಿಸಿ ನೋಡಿ. ಸಣ್ಣ ಕಂಪ್ರೆಸರ್‌ನಲ್ಲಿ ಬಾಗಿಲಿನ ಮೇಲರ್ಧ ನುಣುಪಾಗಿ ಕೆಳಗರ್ಧ ಸಿಪ್ಪೆಯಾಗಿದ್ದರೆ ಕಾರಣ ಒಂದೇ: ನಡುವೆ ಒತ್ತಡ ಇಳಿದಿದೆ.

ವಿದ್ಯುತ್ ಸಂಪರ್ಕ ಹೇಗಿರಬೇಕು?

ಎರಡು ಎಚ್‌ಪಿ ಮೋಟಾರು ಓಡುವಾಗ ಸುಮಾರು 10 ಆಂಪಿಯರ್, ಶುರುವಾಗುವಾಗ ಅದರ ಹಲವು ಪಟ್ಟು ಎಳೆಯುತ್ತದೆ. 16 ಆಂಪಿಯರ್ ಸಾಕೆಟ್ಟು, ಸರಿಯಾದ ಅರ್ಥಿಂಗ್ ಬೇಕೇ ಬೇಕು. ತೆಳುವಾದ ಉದ್ದ ವೈರಿನಲ್ಲಿ ವೋಲ್ಟೇಜು ಬಿದ್ದು ಮೋಟಾರು ಗುಂಯ್‌ಗುಟ್ಟುತ್ತಾ ನಿಲ್ಲುತ್ತದೆ. ವೈರನ್ನು ಉದ್ದ ಮಾಡುವ ಬದಲು, ಮೇಲೆ ಹೇಳಿದ 10 ಮೀಟರ್ ಒಳಗೆ, ಗಾಳಿಯ ಪೈಪನ್ನು ಉದ್ದ ಮಾಡಿ. ಅದರಿಂದ ಇನ್ನೊಂದು ಲಾಭವೂ ಇದೆ: ಒತ್ತಡದ ಸ್ವಿಚ್ಚಿನಲ್ಲಿ ಏಳುವ ಕಿಡಿ ತಿನ್ನರಿನ ಆವಿಯಿಂದ ದೂರ ಉಳಿಯುತ್ತದೆ.

ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಲದೇ?

ಯಾವ ಬಣ್ಣಕ್ಕೂ ಸಾಲದು, ಎರಡು ಡಬ್ಬಿಯ ಪಿಯು ಬಣ್ಣಕ್ಕಂತೂ ಅದು ಅಪಾಯಕರ. ಅದರ ಹಾರ್ಡನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶವನ್ನು ಹೊಕ್ಕು, ಜೀವಮಾನವಿಡೀ ಉಳಿಯುವ ಆಸ್ತಮಾ ತರಬಲ್ಲದು. ವಾಸನೆಯಿಂದ ಅದರ ಇರವು ಗೊತ್ತಾಗುವುದಿಲ್ಲ. ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಬಟ್ಟೆ, ಧೂಳಿನ ಮಾಸ್ಕುಗಳು ಆವಿಯನ್ನು ತಡೆಯವು. ಎನಾಮೆಲ್, ಎನ್‌ಸಿ ಕೆಲಸಕ್ಕೆ ಸಾವಯವ ಆವಿಯ ಕಾರ್ಟ್ರಿಜ್ ಮತ್ತು ಹನಿ ತಡೆಯುವ ಮುಂಫಿಲ್ಟರ್ ಇರುವ ಮುಖಗವಸು ಬೇಕು. ಪಿಯು ಕೆಲಸಕ್ಕೆ ಹೊರಗಿನ ಶುದ್ಧ ಗಾಳಿ ಪೂರೈಸುವ ಮುಖಗವಸೇ ಸರಿಯಾದದ್ದು. ಅದನ್ನು ಒದಗಿಸಿಕೊಳ್ಳಲಾಗದವರು ಮನೆಯಂಗಳದಲ್ಲಿ ಪಿಯು ಹೊಡೆಯಬಾರದು ಎಂದೇ ಹೇಳುತ್ತೇನೆ.

ಕೆಲಸ ಮುಗಿದ ಮೇಲೆ ಗನ್ ತೊಳೆಯುವುದು ಹೇಗೆ?

ಕೂಡಲೇ ತೊಳೆಯಬೇಕು, ಎರಡು ಡಬ್ಬಿಯ ಬಣ್ಣವಾದರೆ ಊಟಕ್ಕೂ ಮುನ್ನ. ಉಳಿದ ಬಣ್ಣ ಸುರಿದು, ಕಪ್ಪಿಗೆ ಸ್ವಲ್ಪ ತಿನ್ನರ್ ಹಾಕಿ ಕುಲುಕಿ, ತಿಳಿಯಾಗಿ ಬರುವವರೆಗೆ ಡಬ್ಬಿಯೊಳಗೆ ಹೊಡೆಯಿರಿ. ಬಳಿಕ ಗಾಳಿಯ ಸಂಪರ್ಕ ಕಳಚಿ, ಮೊದಲು ಸೂಜಿ, ಆಮೇಲೆ ಏರ್ ಕ್ಯಾಪ್, ಕೊನೆಗೆ ನಾಝಲ್ ಬಿಚ್ಚಿ. ಸೂಜಿ ಒಳಗಿರುವಾಗಲೇ ನಾಝಲ್ ತಿರುಗಿಸಿದರೆ ಎರಡರ ತುದಿಯೂ ಹಾಳು. ರಂಧ್ರಗಳಿಗೆ ತಂತಿ, ಗುಂಡುಸೂಜಿ ತೂರಿಸಬೇಡಿ; ಮರದ ಹಲ್ಲುಕಡ್ಡಿ, ನೈಲಾನ್ ಬ್ರಷ್ ಸಾಕು. ಇಡೀ ಗನ್ನನ್ನು ತಿನ್ನರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ಪ್ಯಾಕಿಂಗ್‌ಗಳು ಉಬ್ಬುತ್ತವೆ, ಕರಗಿದ ಬಣ್ಣ ಗಾಳಿಯ ದಾರಿಗೂ ಹೋಗಿ ಕೂರುತ್ತದೆ. ಜೋಡಿಸುವಾಗ ಸೂಜಿಯ ಗ್ಲ್ಯಾಂಡ್ ಮತ್ತು ಟ್ರಿಗರಿನ ಕೀಲಿಗೆ ಸಿಲಿಕೋನ್ ಇಲ್ಲದ ಎಣ್ಣೆಯನ್ನು ಒಂದೊಂದು ಹನಿ ಹಾಕಿ, ಟ್ರಿಗರ್ ಬಿಟ್ಟಾಗ ಸೂಜಿ ತಾನಾಗಿ ಮುಂದಕ್ಕೆ ಜಾರಿ ನಾಝಲ್ಲಿನಲ್ಲಿ ಕೂರುವಷ್ಟು ಮಾತ್ರ ಗ್ಲ್ಯಾಂಡ್ ನಟ್ಟನ್ನು ಬಿಗಿಯಿರಿ.